ಚಾಂದನಿಯ ಕಣ್ಣ ಕೆಳಗಿನ ಸುಳಿ

ಅಂದಾನಪ್ಪ ಇನ್ನೊಂದು ರೊಟ್ಟಿ ಬೇಡವೆಂದು ಗಂಗಾಳಕ್ಕೆ ಕೈ ಅಡ್ಡ ಹಿಡಿದ ಮೇಲೆಯೇ ಕುದುರೆಯ ಮಾತು ತೆಗೆದ. ಅಲ್ಲಿಯವರೆಗೆ ಮಳೆ, ಸಜ್ಜೆಯ ಬೆಳೆ, ಹುನಗುಂದದ ರಸ್ತೆ ಎಲ್ಲವನ್ನೂ ಆಡಿ ಮುಗಿಸಿದ್ದ. ಮಠದ ಹಿರಿಯ ಭಕ್ತ ಅವನು. ಇಳಕಲ್ಲಿಗೆ ಬಂದಾಗಲೆಲ್ಲ ರಾಚಯ್ಯನ ಮನೆಯಲ್ಲೇ ಊಟ.

“ದೀಪಾವಳಿ ಪಾಡ್ಯ ಆದಮ್ಯಾಲೆ ಮೊದಲನೇ ಸೋಮವಾರ ಅಂತ ಅಪ್ಪಾರು ಅಪ್ಪಣಿ ಕೊಟ್ಟಾರ. ಹುಡುಗ ಕುದುರಿ ಮ್ಯಾಲೆ ಬರಬೇಕು. ಲಗಾಮು ಅವನ ಕೈಯಾಗ ಇರಬೇಕು, ಮತ್ತೊಬ್ರು ಮುಟ್ಟಂಗಿಲ್ಲ. ಗದ್ದಿಗಿಗೆ ಮೂರು ಸುತ್ತು ಹಾಕಿ, ಗದ್ದಿಗಿಗೆ ಬೆನ್ನು ತೋರಸದಂಗ ಹಿಂದ ಹಿಂದ ಸರದು ಬಾಗಲಾ ದಾಟಬೇಕು. ಪದ್ಧತಿ ನಿಮಗ ಗೊತ್ತೈತೆಲ್ಲ, ಅಯ್ನಾರ?”

“ಗೊತ್ತೈತಿ,” ಎಂದ ರಾಚಯ್ಯ. “ಅಣ್ಣ ಹೋಗುವಾಗ ಕೇಳೀನಿ.”

ರಾಚಯ್ಯನ ಸ್ವಂತ ಅಣ್ಣನೇ ಈಗ ಆ ಮಠದ ಸ್ವಾಮಿ. ಎಂಟು ವರ್ಷದವನಿದ್ದಾಗ ಮಠಕ್ಕೆ ಕೊಟ್ಟದ್ದು. ಈಗ ಐವತ್ತು ದಾಟಿ, ಸಕ್ಕರೆ ರೋಗಕ್ಕೆ ಸೊರಗಿ, ತನ್ನ ನಂತರಕ್ಕೆ ಅದೇ ಮನೆಯಿಂದ ಒಂದು ಮರಿ, ಅಂದರೆ ಎಳೆಯ ಉತ್ತರಾಧಿಕಾರಿ, ಬೇಕೆಂದು ಹೇಳಿ ಕಳಿಸಿದ್ದ. ಮರಿಗೆ ಹತ್ತು ತುಂಬಿರಬಾರದು. ರಾಚಯ್ಯನ ಮಗ ಅಡಿವೆಯ್ಯನಿಗೆ ಕಾರ್ತಿಕ ಮುಗಿಯುತ್ತಲೇ ಹತ್ತು ತುಂಬುತ್ತಿತ್ತು. ಈ ಸಲ ತಪ್ಪಿದರೆ ಮಠದವರು ಬಾದಾಮಿಯ ದಾಯಾದಿಗಳ ಮನೆಗೆ ಹೋಗುವವರು.

“ಕುದುರಿ ಚಲೋದು ನೋಡ್ರಿ,” ಎಂದ ಅಂದಾನಪ್ಪ ಕೈ ತೊಳೆಯುತ್ತ. “ಹಲಗಿ ಸಪ್ಪಳಕ್ಕ ಬೆದರಬಾರದು. ಸುಳಿ ಶುದ್ಧ ಇರಬೇಕು. ಕೆಟ್ಟ ಸುಳಿ ಕುದುರಿ ಹತ್ತಿ ಬಂದ್ರ ಗದ್ದಿಗಿ ಏರಸಂಗಿಲ್ಲ.”

ರಾಚಯ್ಯ ಒಳಮನೆಯ ಕಡೆ ತಿರುಗಿ ನಕ್ಕ. “ಅದಕ್ಕ ದೂರ ಯಾಕ ಹೋಗೂದು? ನಮ್ಮನ್ಯಾಗ ನೋಡವ್ರು ಅದಾರ.”

ಒಲೆಯ ಮುಂದೆ ಕುಳಿತ ಶಿವಲಿಂಗವ್ವ ತಲೆ ಎತ್ತಲಿಲ್ಲ. ಅವಳ ತಂದೆ ಜಂಗಮ, ಅಯ್ಯನ ವೃತ್ತಿ ಮಾಡುತ್ತ ಕುದುರೆಯ ಮೇಲೆ ಹತ್ತೂರು ತಿರುಗಿದವನು. ಆ ಕುದುರೆಗೆ ನೀರು ಕುಡಿಸಿ, ಮೈ ತಿಕ್ಕಿ, ಯಾರೂ ಇಲ್ಲದಾಗ ಬೆನ್ನೇರಿ ಬೆಳೆದವಳು ಅವಳು. ಮೈಗೂದಲಿನ ಯಾವ ಸುಳಿ ಎಲ್ಲಿದ್ದರೆ ಏನು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಮಗನನ್ನು ಕೊಡುತ್ತೀಯಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಕುದುರೆ ನೋಡುತ್ತೀಯಾ ಎಂದು ಕೇಳಿದರು.

“ನೋಡ್ತೇನಿ,” ಎಂದಳು.

ಮಗಳು ನೀಲವ್ವ ಅಟ್ಟದ ಹತ್ತಿರ ನೂಲಿನ ಕಂಡಿಕೆ ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು. ಅತ್ತೆ ಸಿದ್ದವ್ವ ಮಾತ್ರ ಸೊಸೆಯನ್ನೇ ಒಂದು ಗಳಿಗೆ ನೋಡಿ, ಮತ್ತೆ ಶೇಂಗಾ ಸುಲಿಯತೊಡಗಿದಳು.

ಶ್ರಾವಣದಲ್ಲಿ ಹುಡುಕಾಟ ಶುರುವಾಯಿತು. ಹುನಗುಂದದಲ್ಲಿ ಹುಲ್ಲಪ್ಪನೆಂಬುವನ ತಟ್ಟುಗುದುರೆ ಕಚ್ಚುತ್ತಿತ್ತು. ಗುಳೇದಗುಡ್ಡದ ಖಣದ ವ್ಯಾಪಾರಿಯೊಬ್ಬರ ಕುದುರೆಗೆ ಒಂದು ಕಣ್ಣು ಮಂಜು. ಎರಡನ್ನೂ ಶಿವಲಿಂಗವ್ವ ಬೇಡವೆಂದಳು, ಎರಡೂ ಸಲ ಸತ್ಯವನ್ನೇ ಹೇಳಿದಳು. ರಾಚಯ್ಯ ನೂಲಿನ ಅಂಗಡಿಯ ಗುಮಾಸ್ತ. ಸಾಹುಕಾರನ ಹತ್ತಿರ ರಜೆ ಬೇಡಿ, ಬಸ್ಸು ಹಿಡಿದು, ಹೆಂಡತಿಯನ್ನು ಕರೆದುಕೊಂಡು ಹೋಗಿ, ಬರಿಗೈಯಲ್ಲಿ ಬರುವುದು ಅವನಿಗೆ ಸಾಕಾಯಿತು.

“ಊರೂರು ಅಡ್ಡಾಡೀವಿ. ನಮ್ಮ ಓಣ್ಯಾಗ ಲಾಡಸಾಬನ ಟಾಂಗಾದ ಕುದುರಿ ಐತೆಲ್ಲ, ಚಾಂದನಿ? ಅದನ್ನ ಯಾಕ ನೋಡಬಾರದು?” ಎಂದ ಒಂದು ದಿನ.

ಶಿವಲಿಂಗವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಆ ಹೆಸರು ಯಾವಾಗ ಬರುತ್ತದೋ ಎಂದು ಅವಳು ಮೊದಲ ದಿನದಿಂದ ಕಾಯುತ್ತಿದ್ದಳು. ಕಂದು ಬಣ್ಣದ, ಅಗಲ ಬೆನ್ನಿನ ಹೆಣ್ಣು ಕುದುರೆ ಅದು. ಲಾರಿ ಹಾರ್ನಿಗೂ ಕಿವಿ ಅಲುಗಿಸುತ್ತಿರಲಿಲ್ಲ. ಟಾಂಗಾಕ್ಕೆ ಕಟ್ಟುವಾಗ ಲಾಡಸಾಬ ನಾಲಿಗೆಯಿಂದ ಟಕ್ ಎಂದರೆ ಸಾಕು, ಗಾಡಿಯ ಮುಂದಿನ ಎರಡು ಮರದ ದಂಡಗಳ ನಡುವೆ ತಾನೇ ಹಿಂದೆ ಹಿಂದೆ ಸರಿದು ನಿಲ್ಲುತ್ತಿತ್ತು. ಮಠದವರು ಕೇಳಿದ ಕುದುರೆ ಅದೇ. ಅವಳಿಗೆ ಗೊತ್ತಿತ್ತು.

ಮರುದಿನ ಬೆಳಗ್ಗೆ ಅಂದಾನಪ್ಪನೂ ಬಂದ. ಓಣಿಯ ನಾಕು ಮಂದಿಯೂ ಕೂಡಿದರು. ಶಿವಲಿಂಗವ್ವ ಅವರೆಲ್ಲರಿಗಿಂತ ಮುಂಚೆಯೇ ಹೋಗಿ ಚಾಂದನಿಯ ಮುಂದೆ ನಿಂತಿದ್ದಳು. ಬೆಲ್ಲದ ಹೆಂಟೆ ತಿನ್ನಿಸಿ, ಕುತ್ತಿಗೆ ಸವರಿ, ಗಲ್ಲ ಸವರಿದಳು. ಬೆಲ್ಲ ಹತ್ತಿದ ಹೆಬ್ಬೆರಳನ್ನು ಕಣ್ಣ ಕೆಳಗಿನ ಕೂದಲಿಗೆ ಒತ್ತಿ ಮೆಲ್ಲಗೆ ತಿರುವಿದಳು. ಬಿಸಿಲಿಗೆ ಆ ಕೂದಲು ಸುಳಿಯಾಗಿ ಒಣಗಿ ನಿಂತಿತು.

“ಇಲ್ಲಿ ನೋಡ್ರಿ,” ಎಂದಳು ಗಂಡನಿಗೆ. “ಕಣ್ಣೀರಸುಳಿ.”

ಅಂದಾನಪ್ಪ ಬಗ್ಗಿ ನೋಡಿ ಹಿಂದೆ ಸರಿದ. ಕಣ್ಣ ಕೆಳಗೆ ಸುಳಿ ಇದ್ದ ಕುದುರೆ ಕಟ್ಟಿದ ಮನೆಯಲ್ಲಿ ಅಳು ತಪ್ಪುವುದಿಲ್ಲ ಎಂಬುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು.

“ಏನ್ರಿ ಇದು?” ಲಾಡಸಾಬ ಗಾಬರಿಯಾದ. “ಎಂಟು ವರ್ಷ ಆತ್ರಿ ಕಟ್ಟಾಕ ಹತ್ತಿ. ನನ್ನ ಕುದುರಿಗೆ ಸುಳಿ ಇಲ್ರಿ, ಅಯ್ನಾರ.”

“ಕಣ್ಣಿಗೆ ಕಾಣತೈತೆಲ್ಲೋ ಲಾಡಸಾಬ,” ಎಂದ ಅಂದಾನಪ್ಪ. “ಕಟ್ಟಿದಾವ ನೀ. ನಾವೇನು ಹೊತ್ತು ತಂದಿಟ್ಟೇವಿ?”

ಸಂಜೆ ಮೈ ತೊಳೆಯುವಾಗ ಸುಳಿ ಹೋಯಿತು. ಲಾಡಸಾಬ ಕುದುರೆಯನ್ನು ಹಿಡಿದುಕೊಂಡು ಮನೆಮನೆಗೆ ತೋರಿಸಿ ಬಂದ. ಜನ ನಂಬಲಿಲ್ಲ. ಕೂದಲು ಕಿತ್ತಿರಬೇಕು ಅಂದರು, ಕತ್ತರಿ ಹಾಕಿರಬೇಕು ಅಂದರು. ಅಯ್ನಾರ ಮನೆಯವರು ಸುಮ್ಮನೆ ಹೇಳುತ್ತಾರೆಯೇ? ವಾರ ಕಳೆಯುವುದರಲ್ಲಿ ಬಸ್ ನಿಲ್ದಾಣದಲ್ಲಿ ಚಾಂದನಿಯ ಟಾಂಗಾ ಹತ್ತುವವರು ಕಡಿಮೆಯಾದರು. ಮದುವೆ ಮಾತಿಗೆ ಹೊರಟವರಂತೂ ಆ ಕಡೆ ತಿರುಗಿಯೂ ನೋಡಲಿಲ್ಲ.

ಲಾಡಸಾಬನ ಹೆಂಡತಿ ಮಾಬುಬಿ ಒಂದು ಮಧ್ಯಾಹ್ನ ಬಂದು ಕಟ್ಟೆಯ ಕೆಳಗೆ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

“ನೀರು ಹಾಕಿದ್ರ ಹೋಗು ಸುಳಿ ನಾ ಎಲ್ಲೂ ಕಂಡಿಲ್ರಿ ಅಮ್ಮಾರ,” ಎಂದಳು. “ನನ್ನ ಕೈಗೆ ಅಂಟಂಟು ಹತ್ತಿತು. ನಾಲಿಗಿಗೆ ಹಚ್ಚಿ ನೋಡಿದೆ. ಸವಿ ಇತ್ತು.”

ಶಿವಲಿಂಗವ್ವ ಮೊರದಲ್ಲಿಯ ಜೋಳದಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು.

“ನಾವು ನಿಮಗ ಏನು ಮಾಡೇವಿ? ಅಷ್ಟು ಹೇಳಿಬಿಡ್ರಿ, ಹೋಗ್ತೇನಿ.”

“ಏನೂ ಮಾಡಿಲ್ಲವ್ವ.”

“ಮತ್ತ?”

ಶಿವಲಿಂಗವ್ವ ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. ಮಾಬುಬಿ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಹೋದಳು. ಒಳಗಿನಿಂದ ಸಿದ್ದವ್ವ ಕೇಳಿದಳು:

“ಯಾರು ಬಂದಿದ್ರು?”

“ಮಾಬುಬಿ.”

“ಏನಂತ?”

“ಏನೂ ಇಲ್ಲರಿ ಅತ್ತಿ.”

“ಹೂಂ. ಬೆಲ್ಲದ ಡಬ್ಬಿ ಮುಚ್ಚಿಡು. ಇರಿವಿ ಹತ್ಯಾವ.”

ಆ ರಾತ್ರಿ ಊಟಕ್ಕೆ ಪುಂಡಿಪಲ್ಯ ಮಾಡಿದ್ದಳು. ಅಡಿವೆಯ್ಯ ರೊಟ್ಟಿ ಮುರಿಯುತ್ತ, “ಅವ್ವಾ, ಕುದುರಿ ಸಿಕ್ಕ ಮ್ಯಾಲೆ ಅದು ನಂದೇ ಏನು? ಇಲ್ಲೇ ಕಟ್ಟತೇವೇನು?” ಎಂದ.

“ಇಲ್ಲಿ ಯಾಕ ಕಟ್ಟೂದು?” ಎಂದಳು ನೀಲವ್ವ. “ನೀನೇ ಇಲ್ಲಿ ಇರಂಗಿಲ್ಲ. ನೀ ಬಂದ್ರ ನಾವೆಲ್ಲ ನಿನ್ನ ಕಾಲಿಗೆ ಬೀಳಬೇಕು. ಅಪ್ಪಾರ, ಪಾದಾ ಕೊಡ್ರಿ ಅಂತ.”

“ಅವ್ವನೂ?”

“ಅವ್ವ ಮೊದಲು.”

ಹುಡುಗ ತಾಯಿಯನ್ನು ನೋಡಿ ನಕ್ಕ. ಅವನಿಗೆ ಅದು ಆಟದ ಮಾತಿನ ಹಾಗೆ ಕೇಳಿಸಿತ್ತು.

ಶಿವಲಿಂಗವ್ವ ಗಂಡನ ಕಡೆ ತಿರುಗಿದಳು. “ಕುದುರಿ ಸಿಗವಲ್ದು. ಇಷ್ಟಕ್ಕ ಬಿಟ್ಟುಬಿಡ್ರಿ. ಬಾದಾಮ್ಯಾಗ ಅವರಿಗೆ ನಾಕು ಗಂಡುಮಕ್ಕಳದಾವ.”

“ಬಿಟ್ಟು ಏನು ಮಾಡ್ಲಿ?” ರಾಚಯ್ಯನ ಧ್ವನಿ ಏರಲಿಲ್ಲ. “ಇಲ್ಲಿ ಇದ್ರ ನನ್ನಂಗ ನೂಲಿನ ಲಡಿ ಎಣಿಸ್ತಾನ. ಸಾಹುಕಾರ ಏ ಅಂದ್ರ ಎದ್ದು ನಿಂದರತಾನ. ಅಲ್ಲಿ ಹೋದ್ರ ಸಾಹುಕಾರನೇ ಇವನ ಮುಂದ ನೆಲದ ಮ್ಯಾಲೆ ಕುಂದರತಾನ. ಮಗ ದೊಡ್ಡಾವ ಆಗೂದು ಬ್ಯಾಡೇನು ನಿನಗ?”

“ದೊಡ್ಡಾವ ಆಗಾಕ ಮನಿ ಬಿಡಬೇಕೇನು?”

“ಬಾಯಿ ಮುಚ್ಚು. ಕುದುರಿ ನಾ ತರ್ತೇನಿ.”

ಮಹಾನವಮಿ ಮುಗಿದ ವಾರವೇ ತಂದ. ಬಾಗಲಕೋಟೆಯ ಹುಸೇನಪೀರನ ಬಾದಶಾ. ಮದುವೆ ಮೆರವಣಿಗೆಯಲ್ಲಿ ಹಲಗೆಗೆ ಕುಣಿಯುವ ಬಿಳಿ ಕುದುರೆ. ಕಾಲಿಗೆ ಗೆಜ್ಜೆ, ನೆತ್ತಿಗೆ ತುರಾಯಿ, ಮೈಮೇಲೆ ಒಂದು ಕೆಟ್ಟ ಸುಳಿಯಿಲ್ಲ. ಶಿವಲಿಂಗವ್ವ ಹಣೆಯಿಂದ ಬಾಲದವರೆಗೆ ನೋಡಿದಳು, ಹೆಸರಿಡಲು ಏನೂ ಸಿಗಲಿಲ್ಲ. ಅಂದಾನಪ್ಪ ಹಲಗೆಯವರನ್ನೂ ಕರೆದು ತಂದಿದ್ದ. ಹಲಗೆ ಬಿದ್ದದ್ದೇ ತಡ, ಬಾದಶಾ ಕುತ್ತಿಗೆ ಬಿಲ್ಲಿನ ಹಾಗೆ ಬಗ್ಗಿಸಿ, ನಿಂತಲ್ಲೇ ಒಂದೊಂದು ಕಾಲೆತ್ತಿ ಕುಣಿಯಿತು. ಓಣಿಯೆಲ್ಲ ಬಾಯಿ ಬಿಟ್ಟು ನೋಡಿತು.

“ಇದರ ಮ್ಯಾಲೆ ಮರಿ ಬಂದ್ರ ಹತ್ತೂರಾಗ ಮಾತಾಗತೈತಿ,” ಎಂದ ಅಂದಾನಪ್ಪ.

“ಹಿಂದಕ್ಕ ಸರಿತೈತೇನು?” ಎಂದು ಕೇಳಿದಳು ಶಿವಲಿಂಗವ್ವ.

ಹುಸೇನಪೀರ ತಲೆ ತುರಿಸಿಕೊಂಡ. “ಮದುವಿಯಾಗ ಹಿಂದಕ್ಕ ಸರಿಯೂ ಪ್ರಸಂಗ ಬರಂಗಿಲ್ಲರಿ. ಕಲಿಸಿದ್ರ ಕಲೀತೈತಿ.”

ಅಡಿವೆಯ್ಯನನ್ನು ಏರಿಸಿದರು. ನಡೆಯುವಾಗ ಚೆನ್ನಾಗಿಯೇ ನಡೆಯಿತು. ಹುಡುಗನ ಬೆನ್ನು ಕಂಬದ ಹಾಗೆ ನೆಟ್ಟಗಿತ್ತು, ತಾತನ ಹಾಗೆ. ಮನೆಯ ಎದುರಿನ ಬೇವಿನ ಗಿಡದ ಮುಂದೆ ನಿಲ್ಲಿಸಿ ಹಿಂದಕ್ಕೆ ಸರಿಸಲು ಲಗಾಮು ಜಗ್ಗಿದ. ಬಾದಶಾ ತಲೆ ಕೊಡವಿತು. ಮತ್ತೆ ಜಗ್ಗಿದ. ಕುದುರೆ ಮುಂಗಾಲೆರಡನ್ನೂ ಎತ್ತಿ ನೆಟ್ಟಗೆ ನಿಂತಿತು. ಅದಕ್ಕೆ ಕಲಿಸಿದ್ದೇ ಅದು. ಮದುಮಗನ ಬೀಗರು ಅದಕ್ಕೆ ಇನಾಮು ಕೊಡುತ್ತಿದ್ದರು. ಹುಡುಗ ಜಾರಿ ಹಿಂದಕ್ಕೆ ಬಿದ್ದ. ಗೊರಸು ಅವನ ತಲೆಯ ಪಕ್ಕದ ಮಣ್ಣಿಗೆ ಬಂದು ಊರಿತು.

ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅಡಿವೆಯ್ಯ ಅಳಲೂ ಇಲ್ಲ, “ಮತ್ತೊಮ್ಮಿ ಹತ್ತತೇನಿ” ಅಂದ. ರಾಚಯ್ಯ ಅವನ ಅಂಗಿಯ ಮಣ್ಣು ಝಾಡಿಸಿದ, ಝಾಡಿಸಿದ್ದನ್ನೇ ಮತ್ತೆ ಝಾಡಿಸಿದ. ಆದರೂ ಎಲ್ಲರ ಮುಂದೆ, “ರೂಢಿ ಆಗತೈತಿ. ಇನ್ನೂ ದಿನ ಅದಾವ,” ಎಂದ.

ಅಂದಾನಪ್ಪ ಹೇಳಿದ, “ಬಿದ್ರ ಏನಾತು? ಅಪ್ಪಾರೂ ಅಂದು ಬಿದ್ದಿದ್ರು. ಶುಭ ಅದು.”

ಮರುದಿನ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೇ ಇದ್ದರು. ಸಿದ್ದವ್ವ ಮೊಮ್ಮಗನ ಮೊಣಕೈಗೆ ಹಚ್ಚಲು ಅರಿಷಿಣ ತೇಯುತ್ತಿದ್ದಳು.

“ನಿನ್ನ ಭಾವನ ಕಾಲು ನೋಡೀದಿ?” ಎಂದಳು, ಕಲ್ಲಿನಿಂದ ಕಣ್ಣು ತೆಗೆಯದೆ.

ಮಠದ ಸ್ವಾಮಿಗಳು ಕುಂಟುತ್ತಾರೆ. ಶಿವಲಿಂಗವ್ವ ಮದುವೆಯಾಗಿ ಬಂದಾಗಿನಿಂದ ನೋಡಿದ್ದಳು, ಹುಟ್ಟಿನಿಂದ ಬಂದದ್ದು ಅಂದುಕೊಂಡಿದ್ದಳು.

“ಅಂಥಾದ ಬಿಳಿ ಕುದುರಿ. ಗದ್ದಿಗಿ ಮುಂದ ಹಿಂದಕ್ಕ ಸರೀವಲ್ದು. ಬಿತ್ತು, ಅವನ ಕಾಲಿನ ಮ್ಯಾಲೇ ಬಿತ್ತು. ಶುಭ ಶುಭ ಅಂತ ಎತ್ತಿ ಕುಂದ್ರಿಸಿದ್ರು. ತಾಯಿ ಹೋಗುವಂಗಿಲ್ಲ ಅಂದ್ರೂ ಕದ್ದು ಹೋಗಿದ್ದೆ. ಅಳುವ ಸಪ್ಪಳ ನನಗ ಹೊರಗ ಕೇಳಸ್ತಿತ್ತು. ಒಳಗ ಹೋಗುವಂಗಿಲ್ಲ.”

“ಕುದುರಿ ಕೆಟ್ಟದ್ದು ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?”

“ನನಗ ಗೊತ್ತಿತ್ತು. ನಾ ಹೇಳಲಿಲ್ಲ. ಹೇಳಿದ್ರ ಚಲೋ ಕುದುರಿ ತಂದ ಹುಡುಗನ್ನ ಒಯ್ತಾರ, ಹೇಳದಿದ್ರ ಆ ಕುದುರಿ ಕೈಕೊಟ್ಟು ಹುಡುಗ ತಿರುಗಿ ಬರ್ತಾನ ಅಂದ್ಕೊಂಡೆ.” ಸಿದ್ದವ್ವ ಅರಿಷಿಣವನ್ನು ಬೆರಳಿನಿಂದ ಬಳಿದು ಬಟ್ಟಲಿಗೆ ಹಾಕಿದಳು. “ಬರಲಿಲ್ಲ. ಕಾಲು ಹೋತು, ಅಷ್ಟ.”

ಶಿವಲಿಂಗವ್ವ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.

“ಅತ್ತಿ, ಬೆಲ್ಲ ನೀವು ನೋಡಿದ್ರಿ ಏನು?”

“ನನ್ನ ಕಣ್ಣು ಇನ್ನೂ ಹೋಗಿಲ್ಲವ್ವ.”

ಅಂದು ರಾಚಯ್ಯ ಊಟಕ್ಕೆ ಕುಳಿತಾಗ ಶಿವಲಿಂಗವ್ವ ಹೇಳಿದಳು. ಅಂದಾನಪ್ಪನೂ ಪಕ್ಕದಲ್ಲೇ ಕುಳಿತಿದ್ದ. ಝುಣಕ ಬಡಿಸಿ, ಸೌಟು ಕೆಳಗಿಟ್ಟು, ನಿಂತೇ ಹೇಳಿದಳು.

“ಚಾಂದನಿಗೆ ಸುಳಿ ಇಲ್ಲ. ನಾ ಬೆಲ್ಲ ಹಚ್ಚಿ ತಿರುವಿದ್ದೆ.”

ರಾಚಯ್ಯ ಬಾಯಿಗೆ ಒಯ್ದ ತುತ್ತನ್ನು ಗಂಗಾಳಕ್ಕೆ ಇಳಿಸಿದ. ಅಂದಾನಪ್ಪ ಅಗಿಯುವುದನ್ನು ಬಿಟ್ಟ.

“ಯಾಕ?” ಎಂದ ರಾಚಯ್ಯ. ಕೇಳಿದ ಮೇಲೆ ಅವನಿಗೇ ಗೊತ್ತಾಯಿತೋ ಏನೋ, ಉತ್ತರಕ್ಕೆ ಕಾಯದೆ ಎದ್ದು ಕೈತೊಳೆದುಕೊಂಡ. ಆ ದಿನದಿಂದ ಹೆಂಡತಿಯ ಜೊತೆ ಮಾತಾಡಲಿಲ್ಲ. ಏನು ಬೇಕಾದರೂ ನೀಲವ್ವನ ಕೈಯಲ್ಲಿ ಹೇಳಿಸಿದ. “ನಿಮ್ಮವ್ವಗ ಹೇಳು, ಮಜ್ಜಿಗಿ ತಾ ಅಂತ.” ಶಿವಲಿಂಗವ್ವ ಅಲ್ಲೇ ನಿಂತಿರುತ್ತಿದ್ದಳು.

ಲಾಡಸಾಬನ ಮನೆಗೆ ಅವನೇ ಹೋಗಿ ಕೇಳಿದ. ಲಾಡಸಾಬ ಕುದುರೆ ಕೊಡುತ್ತೇನೆ ಎಂದ. ಆದರೆ ಮಾಬುಬಿ ಬಾಗಿಲಿಗೆ ಬಂದು ಒಂದು ಮಾತು ಸೇರಿಸಿದಳು: “ಸುಳಿ ಐತಿ ಅಂದದ್ದು ಮಂದಿ ಮುಂದ. ಇಲ್ಲ ಅನ್ನೂದೂ ಮಂದಿ ಮುಂದ ಆಗ್ಲಿ, ಅಯ್ನಾರ.”

ಸಂತೆಯ ದಿನ ಬಸ್ ನಿಲ್ದಾಣದ ಮುಂದೆ, ಟಾಂಗಾದವರು ಹಳ್ಳಿಯಿಂದ ಬಂದವರು ಎಲ್ಲ ನೋಡುತ್ತಿರುವಾಗ, ಶಿವಲಿಂಗವ್ವ ಚಾಂದನಿಯ ಕಣ್ಣ ಕೆಳಗೆ ಬೆಲ್ಲ ಹಚ್ಚಿ ಸುಳಿ ಮಾಡಿದಳು. ತಂಬಿಗೆಯ ನೀರಿನಲ್ಲಿ ಸೆರಗು ಅದ್ದಿ ಒರೆಸಿ ತೆಗೆದಳು.

“ಅಯ್ನಾರ ಮನಿಯಾಕಿ ನೋಡಪ್ಪ,” ಎಂದರು ಯಾರೋ. ಮತ್ತೊಬ್ಬರು, “ಹೆತ್ತ ಕರುಳು,” ಎಂದರು. ಎರಡು ಮಾತೂ ಅವಳ ಕಿವಿಗೆ ಬಿದ್ದವು. ಲಾಡಸಾಬ ಯಾವುದೂ ಕೇಳದವನ ಹಾಗೆ ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತಿದ್ದ.

ಅಂದಿನಿಂದ ದಿನಾ ಸಂಜೆ ಟಾಂಗಾ ಬಿಚ್ಚಿದ ಮೇಲೆ ಚಾಂದನಿ ಬೇವಿನ ಗಿಡದ ಕೆಳಗೆ ಬರುತ್ತಿತ್ತು. ಕಲಿಸುವವಳು ಶಿವಲಿಂಗವ್ವನೇ. ಬೇರೆ ಯಾರಿಗೂ ಬರುತ್ತಿರಲಿಲ್ಲ.

“ಜಗ್ಗಬ್ಯಾಡ. ಜಗ್ಗಿದ್ರ ಅದು ನಿನಗ ಹಟಾ ಕಟ್ಟತೈತಿ. ಬೆರಳು ಅಷ್ಟ ಮುಚ್ಚು. ಹಾಂ, ಬಿಡು. ಈಗ ನಾಲಿಗಿಂದ ಟಕ್ ಅನ್ನು.”

ಚಾಂದನಿ ಒಂದು ಹೆಜ್ಜೆ ಹಿಂದಿಟ್ಟಿತು.

“ಸರೀತವ್ವಾ!”

“ನೀ ಹಿಂದ ನೋಡಬ್ಯಾಡ. ಮುಂದ ಏನೈತಿ ಅದನ್ನ ನೋಡು. ಕಣ್ಣು ತಿರುಗಿದ್ರ ಕುದುರಿ ಸೊಟ್ಟ ಹೋಗತೈತಿ.”

ಗಿಡದ ಸುತ್ತ ಮೂರು ಸುತ್ತು, ಆಮೇಲೆ ನಿಲ್ಲುವುದು, ಆಮೇಲೆ ಹಿಂದಕ್ಕೆ, ಕೊನೆಗೆ ಚಾಂದನಿಗೆ ಬೆಲ್ಲದ ಹೆಂಟೆ. ಎರಡು ವಾರಕ್ಕೆ ಹುಡುಗನ ಬೆರಳು ಅಲುಗಿದ್ದು ನೋಡುವವರಿಗೆ ಕಾಣದ ಹಾಗಾಯಿತು. ಅವನು ಎಷ್ಟು ಚೆನ್ನಾಗಿ ಕಲಿತನೋ ಅಷ್ಟೂ ಅವಳೇ ಕಲಿಸಿದ್ದು. ರಾಚಯ್ಯ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ. ಒಂದು ಸಂಜೆ ತಾನಾಗಿಯೇ, “ನಿಮ್ಮಪ್ಪನಂಗ ಕುಂದರತಾನ,” ಎಂದ. ಅವಳು, “ಹೌದು,” ಎಂದಳು. ಮಾತು ಮತ್ತೆ ಶುರುವಾದದ್ದು ಅಲ್ಲಿಂದ.

ಸೋಮವಾರ ಬೆಳಗ್ಗೆ ಮಠದ ಮಂದಿ ಬಂದರು. ತಲೆ ಬೋಳಿಸಿ, ಕಾವಿ ಉಡಿಸಿ, ಹಣೆತುಂಬ ವಿಭೂತಿ ಹಚ್ಚಿದ್ದ ಹುಡುಗ ಒಳಗಿನಿಂದ ಬಂದಾಗ ನೀಲವ್ವನೇ ಮೊದಲು ಕಾಲಿಗೆ ಬಿದ್ದಳು. ಚೇಷ್ಟೆ ಮಾಡಲಿಲ್ಲ. ಸಿದ್ದವ್ವ ಬಿದ್ದಳು, ರಾಚಯ್ಯ ಬಿದ್ದ. ಶಿವಲಿಂಗವ್ವ ಬಗ್ಗಿದಾಗ ಹುಡುಗ ಕಾಲು ಹಿಂದಕ್ಕೆ ಎಳೆದುಕೊಂಡ. ಅಂದಾನಪ್ಪ, “ಹಂಗ ಮಾಡಬಾರದ್ರಿ ಅಪ್ಪಾರ,” ಎಂದ ಮೇಲೆ ಮುಂದಿಟ್ಟ. ಅವನ ಮೊಣಕೈಯ ಗಾಯದ ಕಲೆ ಇನ್ನೂ ಹೋಗಿರಲಿಲ್ಲ.

ತಾಯಿ ಮಠದ ಊರಿಗೆ ಆ ದಿನ ಹೋಗುವಂತಿಲ್ಲ. ವರ್ಷ ತುಂಬಿದ ಮೇಲೆ ಎಲ್ಲ ಭಕ್ತರ ಸಾಲಿನಲ್ಲಿ ನಿಂತು ದರ್ಶನ ಮಾಡಬೇಕು.

ಹುಡುಗ ಏರಿ ಕುಳಿತ. ಚಾಂದನಿಯ ಮುಖ ಮನೆಯ ಬಾಗಿಲ ಕಡೆಗಿತ್ತು. ಹಲಗೆ ಬಾರಿಸುವವರು ಓಣಿಯ ತುದಿಯಲ್ಲಿ ಕಾಯುತ್ತಿದ್ದರು. ಕುದುರೆ ತಿರುಗಲೆಂದು ಮಂದಿ ದಾರಿ ಬಿಟ್ಟರು. ಕುದುರೆ ತಿರುಗಲಿಲ್ಲ. ಟಕ್ ಎಂದು ಒಂದು ಸಪ್ಪಳ ಕೇಳಿಸಿತು. ಚಾಂದನಿ ಹಿಂದಕ್ಕೆ ಹೆಜ್ಜೆ ಇಟ್ಟಿತು. ಇನ್ನೊಂದು. ಮತ್ತೊಂದು.

“ಅಪ್ಪಾರ, ಇದು ಇಲ್ಲಿ ಅಲ್ಲರಿ. ಇದು ಗದ್ದಿಗಿ ಮುಂದ,” ಎಂದ ಅಂದಾನಪ್ಪ.

ಹುಡುಗ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬೆನ್ನು ನೆಟ್ಟಗೆ, ಬೆರಳು ಮುಚ್ಚಿ ಬಿಡುತ್ತ, ಕಣ್ಣು ಹೊಸ್ತಿಲ ಮೇಲೆ ನಿಂತ ತಾಯಿಯ ಮೇಲೆ ಇಟ್ಟು, ಓಣಿಯುದ್ದಕ್ಕೂ ಹಿಂದೆ ಹಿಂದೆ ಸರಿಯುತ್ತಲೇ ಹೋದ. ಮಂದಿ ಗೋಡೆಗೆ ಒತ್ತಿ ನಿಂತರು. ಕುದುರೆ ಎಲ್ಲಿಯೂ ಸೊಟ್ಟಗೆ ಹೋಗಲಿಲ್ಲ. ಓಣಿ ಮುಗಿಯುವಲ್ಲಿ ಲಾಡಸಾಬನ ಮನೆಯ ಮೂಲೆ ಬಂತು. ಅಲ್ಲಿ ತಿರುಗಲೇಬೇಕು. ತಿರುಗಿತು. ಹಲಗೆಯ ಬಡಿತ ಶುರುವಾಯಿತು.

“ಒಳಗ ಬಾ,” ಎಂದಳು ಸಿದ್ದವ್ವ. “ಒಲಿ ಆರೈತಿ.”

ಗದ್ದುಗೆಯ ಮುಂದೆಯೂ ಎಲ್ಲ ಸರಿಯಾಗಿ ನಡೆಯಿತು ಎಂದು ರಾಚಯ್ಯ ಮರುದಿನ ಬಂದು ಹೇಳಿದ. ಅಣ್ಣ ಅಲ್ಲಿ ಎಲ್ಲರೆದುರು ಕಣ್ಣೊರೆಸಿಕೊಂಡದ್ದನ್ನೂ ಹೇಳಿದ. ಸಿದ್ದವ್ವ ಶೇಂಗಾದ ಮೊರ ಮುಂದೆಳೆದುಕೊಂಡಳು.

ಚಾಂದನಿ ಇಳಕಲ್ಲಿಗೆ ತಿರುಗಿ ಬಂದು ಟಾಂಗಾಕ್ಕೆ ಹೂಡಿಕೊಂಡಿತು. ಮರಿ ಏರಿದ ಕುದುರೆ ಎಂದು ಈಗ ಅದಕ್ಕೇ ಗಿರಾಕಿ ಹೆಚ್ಚು. ಬಸ್ ನಿಲ್ದಾಣಕ್ಕೆ ಹೋಗುವ ದಾರಿ ಅಯ್ನಾರ ಮನೆಯ ಮುಂದೆಯೇ. ಮೊದಲ ದಿನ ಬಾಗಿಲ ಮುಂದೆ ಬಂದದ್ದೇ ನಿಂತುಬಿಟ್ಟಿತು. ಮರುದಿನವೂ ನಿಂತಿತು. ಶಿವಲಿಂಗವ್ವ ಒಳಗೆ ಒಲೆಯ ಮುಂದೆ ಕುಳಿತು ಆ ಸಪ್ಪಳ ಕೇಳುತ್ತಿದ್ದಳು. ಗೊರಸು ಬರುವುದು, ನಿಲ್ಲುವುದು.

“ಯಾಕೋ ಲಾಡಸಾಬ, ಬಸ್ಸು ಹೋಗತೈತಿ, ಹೊಡಿಯಲಾ,” ಎಂದ ಟಾಂಗಾದಲ್ಲಿ ಕುಳಿತ ಗಿರಾಕಿ.

“ನಾ ನಿಂದರಿಸಿಲ್ರಿ,” ಎಂದ ಲಾಡಸಾಬ. ಚಾಬೂಕು ಎತ್ತಲಿಲ್ಲ. “ಅದಾಗೇ ನಿಂತೈತಿ.”

ಶಿವಲಿಂಗವ್ವ ಹಿಟ್ಟಿನ ಕೈ ಒರೆಸಿಕೊಂಡು ಎದ್ದು, ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಳು.